ಹನ್ನೊಂದನೆಯ ಲಾಯ

ಮೂರು ರೇಸಿನಲ್ಲಿ ಕೊನೆಯವಳಾದ ಮೇಲೆ
ಅವಳಿಗೆ ಚಂಡಿ ಎಂದು ಹೆಸರಾಯಿತು.
ಜೀನು ಕಂಡರೆ ಕಿವಿ ಹಿಂದಕ್ಕೆ, ಹೊಟ್ಟೆಪಟ್ಟಿ ಬಿಗಿದರೆ ಹಲ್ಲು,
ತಿರುವಿನಲ್ಲಿ ಹಿಂಗಾಲು ತಾಳ ತಪ್ಪುವುದು.
‘ಮಾರಿಬಿಡೋಣ’ ಎಂದರು ಮೇಯರ್ಸ್
ರಮ್ಮಿನ ಲೋಟದೊಳಗೆ ನೋಡುತ್ತ.

ಸಂಡೇ ಹ್ಯಾಟ್. ಗ್ಯಾರಿಸನ್ ಮೈದಾನ, ಹನ್ನೊಂದನೆಯ ಲಾಯ.
ಗೆದ್ದ ದಿನ ಬೆನ್ನು ತಟ್ಟಿದವರು ಎಷ್ಟು ಮಂದಿ!
ಮಾಲೀಕ, ಮಾಲೀಕನ ಭಾವ,
ಬ್ರಿಜ್‌ಟೌನಿನ ಹಾರುಮೀನು ಮಾರುವವನು ಕೂಡ.
ತಟ್ಟಿದರು. ಮುಟ್ಟಲಿಲ್ಲ ಒಬ್ಬರೂ.
ನಾನೂ. ದಿನಾ ಮೈ ಉಜ್ಜುವ ನಾನೂ.

ಡಾಕ್ಟರ್ ಯೊಲಾಂಡ್ ಬಂದವರೇ
ಬಕೆಟ್ ಬೋರಲು ಹಾಕಿ ಹತ್ತಿ ನಿಂತರು.
ಹೆಗಲ ದಿಬ್ಬದಿಂದ ಬಾಲದ ಬುಡದ ತನಕ ಬೆರಳು
ಕತ್ತಲೆಯಲ್ಲಿ ಸ್ವಿಚ್ಚು ಹುಡುಕುವವರ ಹಾಗೆ.
ಜೀನು ಕೂರುವ ಜಾಗ ಬಂದದ್ದೇ
ಮೈ ಇಡೀ ಕುಸಿಯಿತು, ಹೊರೆಯೇ ಇಲ್ಲದೆ.
‘ಇಲ್ಲಿ’ ಅಂದರು. ಅಷ್ಟೇ.

ಎಕ್ಸ್‌ರೇ ತೋರಿಸಿದರು, ಲ್ಯಾಪ್‌ಟಾಪಿನ ಮೇಲಿನ ನೊಣ ಓಡಿಸುತ್ತ:
ಬೇಲಿಗೂಟದಂತೆ ದೂರ ದೂರ ನಿಲ್ಲಬೇಕಾದ ಮೂಳೆಗಳು
ಮೂರು ಕಡೆ ಒಂದಕ್ಕೊಂದು ಒರಗಿ ಸವೆದಿದ್ದವು,
ನಡುವೆ ಕೂದಲೆಳೆ ತೂರದು.
ಜೀನು ಮಗುಚಿದರೆ ಎಡಗಡೆಯ ಉಣ್ಣೆ
ಹಳೇ ದಿಂಬಿನಂತೆ ಗಂಟುಗಟ್ಟಿತ್ತು.
ಎರಡು ವರ್ಷ ಇದನ್ನೇ ಹೇಳುತ್ತಿದ್ದಳಲ್ಲ,
ಇದ್ದ ಒಂದೇ ಭಾಷೆಯಲ್ಲಿ: ಹಲ್ಲು, ಕಿವಿ, ಬಾಲ.

ಹನ್ನೆರಡು ವಾರ ಯಾರೂ ಹತ್ತಬಾರದು.
ಮುಂಗಾಲ ನಡುವೆ ಕ್ಯಾರೆಟ್ ಹಿಡಿ, ಕತ್ತು ತಗ್ಗಿಸಲಿ;
ಹೊಟ್ಟೆಯಡಿ ಉಗುರಲ್ಲಿ ಕೆರೆ,
ಬೆಕ್ಕು ಮೈಮುರಿದಂತೆ ಬೆನ್ನು ಎದ್ದೀತು.
(ಮೊದಲ ವಾರ ಎದ್ದದ್ದು ಒದೆಯೊಂದೇ. ಮೊಣಕಾಲಿಗೆ.)

ಬೆಳಗಿನ ಐದಕ್ಕೆ ರಸ್ತೆ ದಾಟಿ ಕಡಲಿಗೆ.
ಎದೆಮಟ್ಟದ ನೀರಲ್ಲಿ ಇಬ್ಬರೂ ನಡೆದೆವು,
ಅಲೆ ಅವಳ ಹೊಟ್ಟೆಯನ್ನು
ಅಂಗೈ ಒಡ್ಡಿ ಎತ್ತಿ ಹಿಡಿದಿತ್ತು.
ಹಡಗಿನಿಂದಿಳಿದ ಪ್ರವಾಸಿಯೊಬ್ಬಳು ಫೋಟೋ ತೆಗೆದು
ಎಷ್ಟು ಚೆಂದ ಅಂದಳು.

ನನಗೂ ಒಂದು ಬೆನ್ನಿದೆ.
ಹದಿನಾರಕ್ಕೇ ಸೇಂಟ್ ಜಾನ್‌ನ ಗದ್ದೆಗಳಲ್ಲಿ ಕಬ್ಬು ಹೊತ್ತದ್ದು.
ಯಾರಿಗೂ ಹೇಳಿರಲಿಲ್ಲ;
ಆ ನೀರಿನಲ್ಲಿ ಅದೂ ಸುಮ್ಮನಾಯಿತು.

ನಿನ್ನೆ ಜೀನಲ್ಲ, ಬರೀ ಕಂಬಳಿ ಹೊದಿಸಿದೆ.
ಒಂದು ಕಿವಿ ಹಿಂದಕ್ಕೆ ಹೊರಟು
ಅರ್ಧದಲ್ಲಿ ನಿಂತಿತು.
ನಾನು ಪಟ್ಟಿ ಮುಟ್ಟಲಿಲ್ಲ.

‘ಮಾರ್ಚಿಗೆ ಓಡ್ತಾಳಾ, ಎವರ್ಟನ್?’ ಕೇಳಿದರು ಮೇಯರ್ಸ್.
ಅವಳನ್ನೇ ಕೇಳಿ, ಅಂದೆ.
ಬೋರಲು ಬಕೆಟ್ಟನ್ನು ಕಾಲಲ್ಲಿ
ಅವರ ಕಡೆಗೆ ಸರಿಸಿದೆ.