ಡಾಗ ಎಣಿಸುವಾಗ

ಇಂಡಿ ರೋಡ್ ಟೇಶನ್ದಾಗ ಇಳದಾಗ ಅಕಿ ಬೆನ್ನ ಮ್ಯಾಲಿನ ಚೀಲ
ಅಕಿಗಿಂತ ಒಂದು ಗೇಣು ಎತ್ತರಿತ್ತು.
ಹೆಸರು ಮಾರಿತ್. ದೇಶ ಎಸ್ಟೋನಿಯಾ.
ನಮ್ಮ ಮಾವಗ ಎರಡೂ ನೆಟ್ಟಗ ಕೇಳಲಿಲ್ಲ.
"ಮಾರುತಿ ಅಂದ್ರ ಗಂಡಸರ ಹೆಸರಲ್ಲೇನು?" ಅಂದ,
ಬಶಿಗೆ ಚಾ ಸುರವಿ ಅಕಿ ಮುಂದ ಸರಿಸಿದ.
ಅಕಿ ಬಶಿ ಕೈಯಾಗ ಹಿಡಕೊಂಡು
ಕಪ್ಪು ಎಲ್ಲಿ ಅಂತ ಹುಡಿಕ್ಯಾಡಿದ್ಳು.

ಸಂಕ್ರಾಂತಿಯಿಂದ ಯುಗಾದಿ ತನಕ ಇರ್ತಾಳಂತ.
ಉಣ್ಣಾಕ, ಮಲಗಾಕ ಕೊಟ್ರ ಸಾಕಂತ.
ಪಗಾರ ಬ್ಯಾಡಂತ.
ಈ ಕಡೀ ಮಾತು ಊರಾಗ ಒಬ್ಬರೂ ನಂಬಲಿಲ್ಲ.
"ಪುಕ್ಕಟ ದುಡಿಯಾಕ ವಿಮಾನ ಹತ್ತಿ ಬರಬೇಕೇನವಾ?"
ಹಲ್ಲಿಗಿ ತಂಬಾಕ ತಿಕ್ಕೋತ ಕೇಳಿದ್ಳು ಕಾಶವ್ವ.
"ನಾ ಟಂಟಂದಾಗ ಬಂದೀನಿ,
ಇಪ್ಪತ್ತೆರಡು ವರ್ಷಾತು" ಅಂದೆ.
ಬಾವೀ ಕಟ್ಟಿ ತುಂಬ ನಗಿ.
ಅಕೀಗೂ ಹೇಳ್ರಿ ಹೇಳ್ರಿ ಅಂದ್ಳು, ಕೈ ಸನ್ನೀಲೆ.
ಹೆಂಗ ಹೇಳ್ಲಿ?

ಲಿಂಬೀ ಮುಳ್ಳು ಮೊದಲ ವಾರ ಅಕೀ ಕೈ ಓದಿತು,
ಮುಂಗೈಯಿಂದ ಮೊಣಕೈ ತನಕ, ಒಂದು ಸಾಲೂ ಬಿಡದ.
ನಸಕಿನ್ಯಾಗ ಗಿಡದ ಬುಡಕ ಬಿದ್ದ ಹಣ್ಣು ಆರಿಸೂಮುಂದ
ಇಬ್ಬನಿ ಒರಸಿ ಒರಸಿ ಇಡತಿದ್ಳು,
ಕೂಸಿನ ಮಾರಿ ಒರಸಿದಂಗ.
"ಹಿಂಗಾದ್ರ ಒಂದು ಡಾಗ ತುಂಬೂದ್ರಾಗ
ಮಧ್ಯಾಹ್ನ ಆಕ್ಕೈತಿ" ಅಂತ ನಮ್ಮವರು ಗೊಣಗಿದ್ರು.

ರೊಟ್ಟಿ ಬಡದ್ಲು. ಹರೀತು.
ಮತ್ತ ಬಡದ್ಲು. ಹಂಚಿನ ಮ್ಯಾಲ ಒಂದು ಅಂಚು ಉದ್ದಾತು,
ಒಂದು ಕಡೆ ದ್ವೀಪದಂಗ ತುಂಡು ಬಿತ್ತು.
ಬೆರಳು ಹಚ್ಚಿ, "ನಮ್ಮ ದೇಶ" ಅಂದ್ಳು.
ಆ ದೇಶ ಪುಂಡೀ ಪಲ್ಯಾಕ ಹಚ್ಚಿ ತಿಂದ ನಮ್ಮ ಹುಡುಗ.

ಹುಸೇನಬಿ ಮಾತ್ರ ನಗತಿರಲಿಲ್ಲ.
ಒಂದಿನ ನನ್ನ ಬಾಜೂಕ ಕುಂತು ಮೆಲ್ಲಕ ಅಂದ್ಳು:
"ಅಕಿ ಆರಿಸಿದ ಹಣ್ಣು ನಾ ಆರಿಸೂದಲ್ಲೇನಕ್ಕಾ?
ಈ ವಾರ ಎರಡು ದಿನ ನನ್ನ ಕರೀಲಿಲ್ಲ ನೀವು."
ನನ್ನ ಕೈಯಾಗಿನ ಹಣ್ಣು ಬುಟ್ಟ್ಯಾಗ ಬೀಳಲಿಲ್ಲ, ಹೊರಗ ಬಿತ್ತು.
ಮೊಬೈಲಿನ ಬಾಯಿಲೆ ಈ ಮಾತು ಮಾರಿತ್‌ಗ ಹೇಳಿಸಿದೆ.
ಅಕೀ ಮಾರಿ ಕೆಂಪಗಾತು, ಬಿಸಿಲಿಗಲ್ಲ.
ಮರುದಿನದಿಂದ ಪಗಾರ ಕೊಟ್ಟು ಯಾರೂ ಮಾಡಿಸದ ಕೆಲಸ ಹಿಡಿದ್ಳು:
ಹಳೇ ಬದುವಿನ ಕರಿಕಿ, ದನದ ಮನೀ ಗೋಡಿ,
ಮಾವನ ಮುರದ ಹೊರಸಿನ ನುಲಿ.

ಆದ್ರ ಎಣಿಸಾಕ ಮಾತ್ರ ಅಕೀನ ಬೇಕಂದ ಮಾವ.
ಐದು ಹಣ್ಣಿನ ಒಂದು ಹಿಡಿ.
ಒಂದು ಅನ್ನಬಾರದು, ಲಾಭ ಅನಬೇಕು.
ಲಾಭ, ಎರಡು, ಮೂರು, ನಾಕು, ಐದು, ಆರು,
"ಏಳು" ಅಂದ್ಳು ಅಕಿ, ಪುಸ್ತಕದಾಗ ಕಲತದ್ದು.
"ಹಾಂ! ಏಳು ಅಂದ್ರ ಲಕ್ಷ್ಮಿ ಎದ್ದ ಹೋಗ್ತಾಳ.
ಮತ್ತೊಂದು ಅನ್ನು."
ಮತ್ತೊಂದು, ಅಂದ್ಳು. ಎಂಟು. ಒಂಬತ್ತು.
ಅವತ್ತಿನಿಂದ ಊಟಕ್ಕ ಕುಂತ್ರ "ಲಾಭ ರೊಟ್ಟಿ ಹಾಕ್ರಿ" ಅಂತಿದ್ಳು,
ವಾರದ ದಿನ ಎಷ್ಟಂದ್ರ "ಮತ್ತೊಂದು."

ಯುಗಾದಿ ಆಗಿ ಮರುದಿನ.
ಅಗಸೀ ಕಟ್ಟಿ ಮ್ಯಾಲ ಮೂರು ಮಂದಿ,
ಚೀಲದಾಗ ಶೇಂಗಾ ಹಿಂಡಿ, ಹುಸೇನಬಿ ಕೊಟ್ಟ ಉಪ್ಪಿನಕಾಯಿ,
ಅದರ ಎಣ್ಣಿ ಆಗಲೇ ಅರಿವಿಗೆ ಇಳದಿತ್ತು.
ಧೂಳ ಎಬ್ಬಿಸಿ ಬಸ್ ಬಂತು. ಅಕಿ ಅದನ್ನ ನೋಡಲಿಲ್ಲ,
ಮಾವನ್ನ ನೋಡಕೋತ ಕುಂತಿದ್ಳು.
ಏಳು ಅನಬೇಕಿತ್ತು ಅಂವ.
ರುಮಾಲಿನ ಚುಂಗು ಬಿಚ್ಚಿದ, ಮತ್ತ ಸಿಗಿಸಿದ.
ಕಂಡಕ್ಟರ್ ಸೀಟಿ ಹೊಡದ.

"ಮತ್ತೊಂದು ಬರ್ತೈತಿ" ಅಂದ ಮಾವ.