ಯಾವ ಸಾಲಿನಲ್ಲಿ

ಎಲ್ ಪಾಸೊದಲ್ಲಿ ಮಾರ್ಚಿನ ಗಾಳಿ ಎದ್ದರೆ
ಬಾಯಿ ಮುಚ್ಚಿದರೂ ಹಲ್ಲಿನಲ್ಲಿ ಮರಳು.
ಗ್ರಂಥಾಲಯದ ನೆಲಮಾಳಿಗೆ, ಮಡಿಚುವ ಮೇಜು,
ಬಿಟ್ಟಿ ಕಾಫಿ, ಬಿಟ್ಟಿ ನಾನು:
ಇಪ್ಪತ್ತೆರಡು ವರ್ಷ ದಂಡಿನವರ ಪಗಾರಪಟ್ಟಿ ಬರೆದವನು
ಈಗ ಶನಿವಾರ ಊರವರ ತೆರಿಗೆ ಫಾರಂ ತುಂಬುತ್ತೇನೆ.
ಸುಂಕದವನ ಮುಂದೆ ಸುಖದುಃಖ ಹೇಳಬಾರದಂತೆ.
ಹೇಳುತ್ತಾರೆ. ಎಲ್ಲರೂ ಹೇಳುತ್ತಾರೆ.

ಹನ್ನೊಂದನೆಯವಳು ಇಸೆಲಾ ಬರ್ರಾಸಾ.
ಹತ್ತೊಂಬತ್ತು. ಬೂಟಿನ ಲೇಸು ಮಾತ್ರ ಶಿಸ್ತಿನಲ್ಲಿ,
ಉಳಿದದ್ದೆಲ್ಲ ಒಂದು ರಟ್ಟಿನ ಡಬ್ಬಿಯಲ್ಲಿ:
ರಸೀದಿ, ಪತ್ರ, ಅಂಟಂಟು ಹುಣಸೆ ಮಿಠಾಯಿ.
"ಸೈನ್ಯ ನನ್ನ ಕಾಲೇಜಿಗೆ ಕಟ್ಟಿದ ದುಡ್ಡು
ನನ್ನ ದುಡ್ಡೇ, ಮಿಸ್ಟರ್ ಟಲ್ಲಿಸ್?"

ಕನ್ನಡಕ ಒರೆಸಿಕೊಂಡೆ.
ಬೋಧನಾ ಶುಲ್ಕ ಆದಾಯವಲ್ಲ. ಅದು ನಿನ್ನ ಕೈಗೆ ಇಳಿಯಲೇ ಇಲ್ಲ,
ತಲೆಯ ಮೇಲೆ ಹಾದುಹೋದ ಕೊಕ್ಕರೆ.
ಪುಸ್ತಕ, ಕಡ್ಡಾಯದ ಲ್ಯಾಬ್ ಕೋಟು, ಅವೂ ಅಲ್ಲ.
ಕೆಡೆಟ್ಟಿಗೆಂದು ತಿಂಗಳು ತಿಂಗಳು ಬರುವ ಭತ್ಯೆ, ಬಿಡು, ಅದೂ ಅಲ್ಲ.
ಆದರೆ ಹಾಸ್ಟೆಲಿಗೆ, ಮೆಸ್ಸಿಗೆ ಎಂದು ಕೊಟ್ಟರಲ್ಲ,
ಅದು ಲೆಕ್ಕಕ್ಕೆ.
ಬೇಸಿಗೆ ಶಿಬಿರದ ಸಂಬಳವೂ.

"ಅಂದರೆ," ಬೆರಳು ಮಡಿಚಿದಳು,
"ಓದಿದ್ದಕ್ಕೆ ಇಲ್ಲ, ತಿಂದದ್ದಕ್ಕೆ ಉಂಟು."
ಹಾಗೇ ಅಂದುಕೋ.
"ಮಲಗಿದ್ದಕ್ಕೂ?"
ಹಾಸಿಗೆ ಅವರ ದುಡ್ಡಿನದಾದರೆ, ಹೌದು.
"ಜೊತೆಯವಳು ರಾತ್ರಿಯಿಡೀ ಗೊರಕೆ ಹೊಡೆದಳು,
ಅರ್ಧ ಕಳೆಯಲಿಕ್ಕಾಗದೆ?"

ಕೂಡಿದೆ, ಕಳೆದೆ.
ವಿನಾಯಿತಿಯ ಗೆರೆ ಅವಳ ಗಳಿಕೆಗಿಂತ ಬಹಳ ಎತ್ತರದಲ್ಲಿತ್ತು.
ಆದಾಯ ಹೌದು, ತೆರಿಗೆ ಸೊನ್ನೆ;
ಶಿಬಿರದಲ್ಲಿ ಹಿಡಿದಿಟ್ಟ ನೂರಾ ಹದಿನಾಲ್ಕು ಡಾಲರು ವಾಪಸು.
ಆ ನೂರಾ ಹದಿನಾಲ್ಕನ್ನು ಅವಳು ಆಗಲೇ
ಎಲ್ಲೋ ಖರ್ಚು ಮಾಡುತ್ತಿದ್ದಳು, ಕಣ್ಣಲ್ಲೇ.

ಸಹಿಯ ಮೇಲೆ ಪೆನ್ನು ನಿಂತಿತು.
"ಇದಕ್ಕೆಲ್ಲ ಬದಲು ನಾನು ವರ್ಷಗಳನ್ನು ಬರೆದುಕೊಟ್ಟಿದ್ದೇನೆ.
ಎಂಟು.
ಅದು ಯಾವ ಸಾಲಿನಲ್ಲಿ?"

ಹಾಳೆ ತಿರುವಿದೆ, ಇಲ್ಲವೆಂದು ತಿಳಿದೂ.
ಸಂಬಳಕ್ಕೆ ಸಾಲುಂಟು, ಬಡ್ಡಿಗುಂಟು,
ಜೂಜಿನಲ್ಲಿ ಗೆದ್ದದ್ದಕ್ಕುಂಟು,
ಕದ್ದ ಮಾಲನ್ನೂ ತೋರಿಸು ಅನ್ನುತ್ತದೆ ಕೈಪಿಡಿ, ನಾಚಿಕೆಯಿಲ್ಲದೆ.
ಇಂಥ ಸಾಲಕ್ಕೆ ಸಾಲಿಲ್ಲ.
ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬುದು
ನೂರು ಪುಟದಲ್ಲಿ ಎಲ್ಲೂ ಅಚ್ಚಾಗಿಲ್ಲ.
ನನ್ನ ಪಟ್ಟಿಗಳಲ್ಲಿ ಕೆಲವು ಹೆಸರುಗಳ ಮೇಲೆ
ಸ್ಕೇಲಿಟ್ಟು, ಶಾಯಿ ಹರಡದಂತೆ, ನಾನೇ ಗೆರೆ ಎಳೆದಿದ್ದೆ.
ಅದನ್ನು ಹೇಳಲಿಲ್ಲ.
"ಇಲ್ಲಿ ಕೇಳಿಲ್ಲ," ಅಂದೆ. "ಕೇಳದ್ದನ್ನು ಬರೆಯಬೇಡ."

ಸಹಿ ಹಾಕಿದಳು, ಅಕ್ಷರ ದುಂಡಗೆ.
ಹೋಗುವಾಗ ಒಂದು ಹುಣಸೆ ಮಿಠಾಯಿ ಮೇಜಿನ ಮೇಲಿಟ್ಟಳು.
ಬಿಟ್ಟಿ ಸೇವೆಯವರು ಏನನ್ನೂ ಪಡೆಯಬಾರದು,
ಗೋಡೆಯ ಮೇಲೆ ಬರೆದಿದೆ.

ತಿಂದೆ.
ಮೊದಲು ಹುಳಿ, ಆಮೇಲೆ ಖಾರ,
ನಾಲಗೆಯ ಹಿಂದೆಲ್ಲೋ, ತಡವಾಗಿ, ಉಪ್ಪು.
ಹನ್ನೆರಡನೆಯವರನ್ನು ಕರೆಯುವ ಮೊದಲು
ಎದ್ದು ನೀರು ಹುಡುಕಿದೆ.