ಇಲ್ಲ್

ನಾನು ಬೋರ್ಡು ಬರೆಯುವವ. ಅಕ್ಷರದ ಬೆಲೆ
ಇಂಚಿನ ಲೆಕ್ಕದಲ್ಲಿ ಗೊತ್ತು.
ಒಂದು ಗುಡಿಸು, ಒಂದು ಕೊಕ್ಕೆ ಹೆಚ್ಚುಕಮ್ಮಿಯಾದರೆ
ಏನಾಗುತ್ತದೆಂದು ಕಲಿತದ್ದು ಮಾತ್ರ
ಬೆಂಗ್ರೆಯ ಶಾಲೆಯಲ್ಲಿ.

ಒಂದನೇ ಕ್ಲಾಸು. ಹೊಸ ಮಾಸ್ತರರು ಕೇಳಿದರು:
ಮನೆ ಎಲ್ಲಿ?
ಇಲ್ಲ್... ಎಂದು ಶುರುಮಾಡಿದ್ದೆ, ಅಷ್ಟೇ.
"ಇಲ್ಲವಾ? ಮನೆಯೇ ಇಲ್ಲದವ
ಚಡ್ಡಿ ಎಲ್ಲಿ ಒಣಗಿಸಿದೆಯೋ?"
ಕ್ಲಾಸು ನಕ್ಕಿತು. ಯಾಕೆ ನಗುತ್ತಿದ್ದೇವೆಂದು
ಅರ್ಧ ಕ್ಲಾಸಿಗೆ ಗೊತ್ತಿರಲಿಲ್ಲ.
ತುಳುವಿನಲ್ಲಿ ಮನೆಗೆ ಇಲ್ಲ್ ಅನ್ನುತ್ತೇವೆ,
ಇಲ್ಲ ಅನ್ನುವುದಕ್ಕೆ ಇಜ್ಜಿ.
ಅದನ್ನು ಹೇಳುವಷ್ಟು ಕನ್ನಡ ಆಗ ಇಜ್ಜಿ.

ಕೊರಳಿಗೆ ಹಲಗೆ ಬಿತ್ತು.
ಮುರಿದ ದೋಣಿಯ ತುಂಡು, ಬಲೆಯ ಹುರಿ ಪೋಣಿಸಿದ್ದು.
ತುಳು ಆಡಿದವನಿಗೆ, ಬ್ಯಾರಿ ಆಡಿದವನಿಗೆ,
ಇನ್ನೊಬ್ಬ ಸಿಕ್ಕಿಬೀಳುವವರೆಗೆ.
ಹಾಗಾಗಿ ಗಾಳ ಹಾಕಿ ಕೂತವರ ಹಾಗೆ
ಗೆಳೆಯರ ಬಾಯಿ ಕಾಯುತ್ತಿದ್ದೆವು.
ಮುಳ್ಳು ಚುಚ್ಚಿದಾಗ ಮೋನಬ್ಬ ಉಮ್ಮಾ ಎಂದ.
ಓಡಿಹೋಗಿ ಹೇಳಿದ್ದು ನಾನೇ.

ಕಾರ್ಮಿನ್ ಟೀಚರ್ ಬಂದದ್ದು ಮರುವರ್ಷ,
ಬಂದರಿನಿಂದ ಫೆರಿಯಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು.
ಮನೆಮಾತು ಕೊಂಕಣಿ. ತುಳು ಪೇಟೆಯಲ್ಲಿ ಅಂಟಿದ್ದು.
ಬ್ಯಾರಿ ಕಲಿತದ್ದು ಮೋನಬ್ಬನ ಉಮ್ಮನ ಹತ್ತಿರ,
ಬೀಡಿ ಕಟ್ಟುವ ಮೊರದ ಪಕ್ಕ ಕೂತು,
ತಪ್ಪು ಮಾಡಿ ನಗಿಸುತ್ತ.
ಹಲಗೆ ಅವರ ಕೈಗೆ ಸಿಕ್ಕಿದ್ದೇ
ಕಡಲ ಗಾಳಿಗೆ ಬಡಿಯುವ ಬಾಗಿಲ ಅಡಿಗೆ ಹೋಯಿತು.
ಆಷಾಢದಲ್ಲಿ ಊದಿಕೊಂಡು ಅಲ್ಲೇ ಕಚ್ಚಿತು.

ಕರಿಹಲಗೆಯಲ್ಲಿ ಬರೆದರು: ಇಲ್ಲ್. ಇಲ್ಲ.
ಲೋಕಯ್ಯ, ನಡುವೆ ಎಷ್ಟು ದೂರ ಉಂಟು, ಅಳೆ.
ಬೆರಳಿಟ್ಟು ಅಳೆದೆ. ಒಂದು ಕೊಕ್ಕೆ.
ಅವತ್ತು ಗಂಟೆ ಹೊಡೆಯುವ ಮೊದಲೇ
ಮನೆ ಎಂಬ ಶಬ್ದ ನನ್ನ ಬಾಯಿಗೆ ಬಂದಿತ್ತು,
ಹಸಿದ ಬೆಕ್ಕಿನ ಹಾಗೆ, ತಾನಾಗಿ.

ಇಲಾಖೆಗೆ ಏಳು ಕಾಗದ ಬರೆದರು:
ಎರಡು ವರ್ಷ ಮಕ್ಕಳು ಮನೆಮಾತಲ್ಲೇ ಕಲಿಯಲಿ,
ಕನ್ನಡ ಅದರ ಕೈ ಹಿಡಿದು ನಡೆದು ಬರುತ್ತದೆ.
ನನ್ನ ಅಪ್ಪನೇ ಒಪ್ಪಲಿಲ್ಲ:
ತುಳು ಕಲಿಯಲಿಕ್ಕೆ ಶಾಲೆ ಎಂತಕ್ಕೆ ಬಾಯಿ, ದೋಣಿ ಉಂಟಲ್ಲ?
ಟೀಚರಿಗೆ ಆ ದಿನ ಉತ್ತರ ಹೊಳೆಯಲಿಲ್ಲ.
ಫೆರಿ ತಪ್ಪಿಸಿಕೊಂಡು ದಡದಲ್ಲಿ ನಿಂತಿದ್ದರು.

ಏಳನೆಯದಕ್ಕೆ ಮೊಹರು ಒತ್ತಿದ ಉತ್ತರ ಬಂತು:
ನಿಯಮದಲ್ಲಿ ಇದಕ್ಕೆ ಅವಕಾಶ ಇಲ್ಲ.
ಕೆಂಪು ಪೆನ್ನಿನಲ್ಲಿ ಕೊನೆಯ ಅಕ್ಷರಕ್ಕೆ
ಕೊಕ್ಕೆ ಹಾಕಿ ಗೋಡೆಗೆ ಅಂಟಿಸಿದರು.
ಮೊದಲು ತುಳುವಿನ ಮಕ್ಕಳಷ್ಟೇ ನಕ್ಕೆವು.
ಮೋನಬ್ಬನಿಗೆ ನಾನು ಬಿಡಿಸಿ ಹೇಳಿದೆ.
ಅವನು ನಗಲಿಲ್ಲ. ಕಾಲಿನ ಹಳೆ ಗಾಯ ತೋರಿಸಿದ.

ಹೋದ ವಾರ ಪೇಟೆಯ ಶಾಲೆಯಿಂದ ಒಂದು ಆರ್ಡರು:
ನಾಲ್ಕಡಿ ಎರಡಡಿ, ಹಳದಿಯ ಮೇಲೆ ಕಪ್ಪು,
"ಇಲ್ಲಿ ಇಂಗ್ಲಿಷ್ ಮಾತ್ರ".
ಬೋರ್ಡು ಕನ್ನಡದಲ್ಲೇ ಇರಲಿ, ತಾಯಂದಿರು ಓದಬೇಕಲ್ಲ, ಎಂದರು.
ಹಲಗೆ ಈಗ ಕನ್ನಡದ ಕೊರಳಿಗೆ.
ಅಡ್ವಾನ್ಸು ತೆಗೆದುಕೊಂಡಿದ್ದೇನೆ, ಸುಳ್ಳು ಯಾಕೆ?
ಫ್ಲೆಕ್ಸ್ ಬಂದ ಮೇಲೆ ಕೈಬರಹ ಕೇಳುವವರು ವರ್ಷಕ್ಕೆ ಇಬ್ಬರು.

ಗೆರೆ ಎಳೆದಾಯಿತು. ಇ ಬರೆದೆ. ಲಕಾರ, ಅದರ ಒತ್ತು.
ಗುಡಿಸು ಹಾಕಿದರೆ ಇಲ್ಲಿ.
ಕೊಕ್ಕೆ ಹಾಕಿದರೆ...
ಬ್ರಶ್ಶನ್ನು ಟರ್ಪೆಂಟೈನಿನಲ್ಲಿ ಅದ್ದಿಟ್ಟು ಬಂದೆ,
ಕೊನೆಯ ಫೆರಿ ಹೊರಡುತ್ತಿತ್ತು.